ಹುನಗುಂದದ ಬಿಸಿಲಿಗೆ ಕರಗದ ಮಂಜು

ಶುಕ್ರವಾರ ಮುಂಜಾನೆ ಫೋನ್ ಬಂದಾಗ ನಾನು ಬಾಗಲಕೋಟೆಯ ಮನೆಯಲ್ಲಿ ಹಲ್ಲುಜ್ಜುತ್ತಿದ್ದೆ. ಹುನಗುಂದದ ಆಚೆ ಹೆದ್ದಾರಿಯ ಬದಿಯಲ್ಲಿರುವ ಪುನಶ್ಚೇತನ ಕೇಂದ್ರದ ಮ್ಯಾನೇಜರ್ ಮಾತಾಡುತ್ತಿದ್ದ.

"ಸರ್, ಕೊಳದ ನೀರು ಇಪ್ಪತ್ತೆರಡಕ್ಕ ಇಳದೈತಿ. ಹೀಟರ್ ಸತ್ತೈತಿ."

"ಎಂದಿನಿಂದ?"

"ಮೂರು ದಿನಾ ಆತ್ರಿ."

"ಮೂರು ದಿನಾ ಏನ್ ಮಾಡಿದ್ರಿ?"

"ತಾನಾಗೇ ಚಾಲೂ ಆಗ್ತದೇನೋ ಅಂತ ನೋಡಿದ್ವಿ ಸರ್."

ನನ್ನ ಸಿಟ್ಟು ಅಲ್ಲಿಂದಲೇ ಶುರುವಾಯಿತು. ಆ ಕೇಂದ್ರದ ಕೊಳ ಈಜಿಗೆ ಕಟ್ಟಿದ್ದಲ್ಲ. ಬೆನ್ನುಮೂಳೆಗೆ ಪೆಟ್ಟು ಬಿದ್ದವರು, ಕಾಲಿನ ಸ್ವಾಧೀನ ಕಳೆದುಕೊಂಡವರು ಎದೆಮಟ್ಟದ ಬೆಚ್ಚಗಿನ ನೀರಿನಲ್ಲಿ ಕಂಬಿ ಹಿಡಿದು ಹೆಜ್ಜೆ ಕಲಿಯುತ್ತಾರೆ. ನೀರು ಮೂವತ್ತಮೂರು ಡಿಗ್ರಿ ಇರಬೇಕು. ಅದನ್ನು ಕಾಯಿಸುವ ಯಂತ್ರವನ್ನು ಹಿಂದಿನ ಚಳಿಗಾಲದಲ್ಲಿ ಕೂಡಿಸಿಕೊಟ್ಟವನು ನಾನೇ. ಆರು ತಿಂಗಳಿಗೊಮ್ಮೆ ಹೋಗಿ ನೋಡುವ ಒಪ್ಪಂದವೂ ನನ್ನದೇ. ಬೇಸಿಗೆಯಲ್ಲಿ ಹೋಗಿದ್ದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೋಗಿದ್ದೆ ಅನಿಸಿತು. ಅಮೀನಗಡದಲ್ಲಿ ಬಸ್ಸು ನಿಂತಾಗ, ಇಲ್ಲ, ಹೋದದ್ದು ಬಾದಾಮಿಯ ಹೋಟೆಲಿನ ಕೊಳಕ್ಕೆ, ಇಲ್ಲಿಗಲ್ಲ ಅನಿಸಿತು. ಈಚೆಗೆ ನನಗೆ ಹೀಗಾಗುತ್ತದೆ. ಎರಡು ನೆನಪುಗಳು ಒಂದೇ ಬಣ್ಣದಲ್ಲಿ ಬಂದು ನಿಲ್ಲುತ್ತವೆ, ಯಾವುದು ನಡೆದದ್ದು ಯಾವುದು ನಾನು ನಡೆಸಬೇಕೆಂದಿದ್ದದ್ದು ತಿಳಿಯುವುದಿಲ್ಲ. ಹುನಗುಂದ ಬರುವವರೆಗೂ ಅದು ಇತ್ಯರ್ಥವಾಗಲಿಲ್ಲ.

ಕೊಳದ ದಂಡೆಯಲ್ಲಿ ಐದಾರು ಜನ ಗಾಲಿಕುರ್ಚಿಗಳಲ್ಲಿ ಚಾದರ ಹೊದ್ದು ಕೂತಿದ್ದರು. ನೀರಿಗೆ ಯಾರೂ ಇಳಿದಿರಲಿಲ್ಲ. ಅವರಲ್ಲಿ ಒಬ್ಬಾಕೆ ಇಳಕಲ್ಲಿನ ನೇಕಾರ ಹೆಂಗಸು, ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಬೆನ್ನಿಗೆ ಆಪರೇಷನ್ ಆದವಳು. ನನ್ನ ಚೀಲ ನೋಡಿ ಕೇಳಿದಳು.

"ಹೀಟರ್ ಮಾಡೋರು ನೀವೇನ್ರಿ?"

"ಹೌದು."

"ಲಗೂನ ಮಾಡ್ರಿ ಮತ್ತ. ನೀರು ಬೆಚ್ಚಗಿದ್ರ ಈ ಕಾಲು ನನ್ನವು. ತಣ್ಣಗಾದ್ರ ಮಗ್ಗದ ಹಲಗಿ."

ಯಂತ್ರ ಇರುವುದು ಕೊಳದ ಶೆಡ್ಡಿನ ಹಿಂದೆ, ಬಯಲಿನಲ್ಲಿ. ಅದು ನೀರನ್ನು ಕರೆಂಟಿನ ತಂತಿಯಿಂದ ಕಾಯಿಸುವ ಹೀಟರ್ ಅಲ್ಲ. ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ ಮಾಡುತ್ತದೆ. ಹಿಂಬದಿಯಲ್ಲಿ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಇರುತ್ತದೆ, ಕಾಯಿಲ್ ಎನ್ನುವುದು ಅದಕ್ಕೇ. ಫ್ಯಾನು ಹೊರಗಿನ ಗಾಳಿಯನ್ನು ಅವುಗಳ ಸಂದಿಯಿಂದ ಎಳೆಯುತ್ತದೆ, ಒಳಗಿನ ಗ್ಯಾಸು ಆ ಗಾಳಿಯ ಶಾಖ ಹೀರಿ ನೀರಿಗೆ ಕೊಡುತ್ತದೆ. ನೀರು ಹರಿಯಬೇಕು, ಗಾಳಿ ಹಾಯಬೇಕು, ಗ್ಯಾಸು ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ನಿಲ್ಲುತ್ತದೆ.

ಯಂತ್ರದ ಮುಂಭಾಗಕ್ಕೆ ಅಡ್ಡಲಾಗಿ ಹಳದಿ ಭಂಡಾರ ಬಳಿದಿತ್ತು, ಮೇಲೊಂದು ಚೆಂಡುಹೂವು. ಕೊಳ ನೋಡಿಕೊಳ್ಳುವ ಮನುಷ್ಯ ಪಕ್ಕದಲ್ಲೇ ನಿಂತಿದ್ದ. ಐವತ್ತು ದಾಟಿದವನು. ಮನೆತನದವರು ಕುರಿ ಕಾಯ್ದವರು, ಬೀರಪ್ಪ ದೇವರ ಒಕ್ಕಲು. ಅವನ ಹಣೆಯ ಮೇಲೂ ಅದೇ ಅರಿಷಿಣದ ಭಂಡಾರ.

"ನಮಸ್ಕಾರ್ರಿ ಸಾಹೇಬ್ರ" ಎಂದ. ನಾನು ಉತ್ತರ ಕೊಟ್ಟೆನೋ ಇಲ್ಲವೋ. ಕೊಟ್ಟಿರಲಾರೆ.

ಪರದೆಯ ಮೇಲೆ ನೀರಿನ ಹರಿವಿಲ್ಲ ಎಂಬ ಸಂಕೇತ ಇತ್ತು. ಮರಳಿನ ಫಿಲ್ಟರ್ ಕಟ್ಟಿಕೊಂಡಿತ್ತು. ನೀರನ್ನು ಉಲ್ಟಾ ಹರಿಸಿ ತೊಳೆದೆವು, ಕೆಸರು ಹೋಯಿತು, ಸಂಕೇತವೂ ಹೋಯಿತು. ಯಂತ್ರ ಚಾಲೂ ಆಯಿತು. ಮ್ಯಾನೇಜರ್ ಕೈ ಮುಗಿಯುವುದರಲ್ಲಿದ್ದ. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಈ ಸಲ ಬೇರೆ ಸಂಕೇತ, ಗ್ಯಾಸಿನ ಒತ್ತಡ ಕಡಿಮೆ.

ಹಿಂಬದಿಗೆ ಹೋಗಿ ನೋಡಿದೆ. ರೆಕ್ಕೆಗಳೆಲ್ಲ ಬೆಳ್ಳಗೆ ಮಂಜುಗಟ್ಟಿದ್ದವು. ಯಂತ್ರದ ಅಂಚಿನಿಂದ ಇಳಿದ ಒಂದೆರಡು ಹಳದಿ ಗೆರೆಗಳು ಆ ಬಿಳಿಯ ಬದಿಗೇ ಇದ್ದವು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಸಂಕೇತದ ಸಂಖ್ಯೆ ಕೇಳಿ, ಓದಿದಂತೆ ಹೇಳಿದಳು: ಗ್ಯಾಸು ಸೋರಿದೆ, ಕಾಯಿಲ್ ಬದಲಿಸಬೇಕು, ತರಿಸಲು ಆರು ವಾರ. ನೀವು ಯಂತ್ರ ನೋಡದೆ ಹೇಗೆ ಹೇಳುತ್ತೀರಿ ಎಂದೆ. ಸಂಕೇತ ಹಾಗೇ ಹೇಳುತ್ತದೆ ಸರ್ ಎಂದಳು. ಆರು ವಾರ. ದಂಡೆಯ ಮೇಲೆ ಚಾದರ ಹೊದ್ದವರು ಗೋಡೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ನನಗೆ ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು, ಅವನು ಎದುರಿಗೇ ಇದ್ದ.

"ಏನ್ ಬಳದೀ ಇದಕ್ಕ?"

"ಭಂಡಾರ ಹಚ್ಚೇನ್ರಿ."

"ಮಿಷನ್‌ಗೆ ಯಾಕ?"

"ನನ್ನ ಅನ್ನ ಅದರಿಂದಲ್ರಿ."

"ನಿನ್ನ ಭಂಡಾರನ ಇದನ್ನ ಕೊಂದದ್ದು. ಸಂದ್ಯಾಗೆಲ್ಲಾ ಇಳದು ಕುಂತೈತಿ. ಗಾಳಿ ಎಲ್ಲಿಂದ ಹಾಯಬೇಕು?"

ಇದನ್ನು ನಾನು ಕೂಗಿ ಹೇಳಿದೆ. ಕೊಳದ ದಂಡೆಯವರೆಗೂ ಕೇಳಿಸುವಂತೆ. ಬೀರಪ್ಪನ ಭಂಡಾರದ ಬಗ್ಗೆ ನನಗೆ ತಕರಾರೇನೂ ಇಲ್ಲ ಎಂದು ಆಮೇಲೆ ನನಗೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಎಂಜಿನಿಯರಿಂಗ್ ಓದಿದಾಗಿನಿಂದ ಯಂತ್ರಕ್ಕೆ ಬಳಿಯುವ ಎಲ್ಲದರ ಬಗ್ಗೆಯೂ ತಕರಾರಿದೆ. ಹಳದಿ ಕಂಡ ಕೂಡಲೇ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು, ಪರೀಕ್ಷೆ ಬೇಕಾಗಿರಲಿಲ್ಲ.

ಅವನು ಕೂಗಲಿಲ್ಲ. "ಭಂಡಾರ ಮುಂದ ಅಷ್ಟ ಹಚ್ಚತೇನ್ರಿ. ಹಿಂದ ಬರೇ ನೀರು" ಎಂದ.

"ನೀರು?"

"ದಿನಾ ಮುಂಜಾನಿ ಪೈಪ್ ಹಿಡದು ತೊಳೀತೇನಿ. ನೀವ ಹೇಳಿದ್ರಿ."

"ನಾ ಹೇಳಿಲ್ಲ. ಬ್ರಷ್‌ಲೆ ಧೂಳಾ ತಗೀರಿ ಅಂತ ಹೇಳೇನಿ."

"ತೊಳೀರಿ ಅಂದ್ರಿ ಸಾಹೇಬ್ರ. ಕುರಿ ಮೈ ತೊಳದಂಗ ಅಂತ ನಾ ಕೇಳಿದ್ನಿ, ಹ್ಞೂಂ ಹಂಗ ಅಂದು ನಕ್ಕಿದ್ರಿ."

"ನಾ ಹೇಳಿಲ್ಲ" ಎಂದು ಮತ್ತೆ ಹೇಳಿದೆ. ಎರಡನೇ ಸಲ ಹೇಳುವಾಗ ದನಿ ಇನ್ನೂ ಜೋರಾಯಿತು.

ಮ್ಯಾನೇಜರನ ಮುಖದಲ್ಲಿ ಸಮಾಧಾನ ಕಂಡೆ. ಮೂರು ದಿನ ಸುಮ್ಮನೆ ಕೂತ ತಪ್ಪು ಈಗ ಬೇರೆಯವನ ಹೆಗಲಿಗೆ ಹೋಗುತ್ತಿತ್ತು. "ರಿಪೋರ್ಟ್‌ನ್ಯಾಗ ಇದನ್ನ ಬರದ ಕೊಡ್ರಿ ಸರ್. ಸೋಮವಾರ ಆಡಳಿತ ಮಂಡಳಿ ಮೀಟಿಂಗ್ ಐತಿ. ಈ ಮನಶ್ಯಾನ್ನ ತಗದು ಬ್ಯಾರೆದಾವ್ರನ್ನ ಇಡೂಣು" ಎಂದ. ಆ ಮನುಷ್ಯನ ಎದುರಿಗೇ. ನಾನು ಬೇಡ ಅನ್ನಲಿಲ್ಲ.

ಶನಿವಾರ ಒತ್ತಡದ ಮೀಟರು ತೆಗೆದುಕೊಂಡು ಹೋದೆ. ಆ ಹುಡುಗಿಯ ಮಾತನ್ನು ನಂಬಲು ನನಗೆ ಮನಸ್ಸಿರಲಿಲ್ಲ, ಅದೊಂದೇ ಕಾರಣಕ್ಕೆ ಈ ಕೆಲಸ ಮುಂದುವರಿಯಿತು. ಯಂತ್ರ ನಿಂತಿದ್ದಾಗ ಗ್ಯಾಸಿನ ಒತ್ತಡ ಹೊರಗಿನ ಉಷ್ಣತೆಗೆ ತಕ್ಕಷ್ಟೇ ಇತ್ತು. ಅಂದರೆ ಗ್ಯಾಸು ಪೂರ್ತಿ ಹೋಗಿಲ್ಲ, ಅಷ್ಟೇ ಅರ್ಥ. ಬೆಸುಗೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಕೂತೆ. ಎಲ್ಲೂ ಗುಳ್ಳೆ ಏಳಲಿಲ್ಲ. ಚಾಲೂ ಮಾಡಿದೆ. ಫ್ಯಾನು ಸರಿಯಾಗಿ ತಿರುಗುತ್ತಿತ್ತು, ಒತ್ತಡ ಮಾತ್ರ ನೋಡನೋಡುತ್ತಿದ್ದಂತೆ ಇಳಿದು ಹತ್ತು ನಿಮಿಷಕ್ಕೆ ಯಂತ್ರ ನಿಂತಿತು. ಗ್ಯಾಸಿದೆ, ನೀರಿದೆ, ಫ್ಯಾನಿದೆ. ಗಾಳಿಯ ಶಾಖ ಗ್ಯಾಸಿಗೆ ಮುಟ್ಟುತ್ತಿಲ್ಲ.

ಮಂಜು ಕರಗಿದ ಮೇಲೆ ರೆಕ್ಕೆಗಳನ್ನು ನೋಡೋಣ ಎಂದು ಯಂತ್ರ ಬಂದ್ ಮಾಡಿ ಕೂತೆ. ಬಿಸಿಲು ನೆತ್ತಿಗೆ ಬಂತು. ಚಳಿಗಾಲವಾದರೂ ಹುನಗುಂದದ ಮಧ್ಯಾಹ್ನದ ಬಿಸಿಲು ಬಿಸಿಲೇ. ನೀರು ತೊಟ್ಟಿಕ್ಕಿ ನಿಂತಿತು. ರೆಕ್ಕೆಗಳು ಇನ್ನೂ ಬೆಳ್ಳಗೇ ಇದ್ದವು. ಮತ್ತರ್ಧ ಗಂಟೆ ಕಾದೆ. ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಬಿಳಿ ಹೋಗಿರಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದೆ. ಕಲ್ಲು.

ಈ ಭಾಗದಲ್ಲಿ ಹುಟ್ಟಿ ಬೆಳೆದ ಯಾರಿಗೂ ಆ ಬಿಳಿ ಏನೆಂದು ಹೇಳಿಕೊಡಬೇಕಾಗಿಲ್ಲ. ಬೋರಿನ ನೀರು ಕಾಯಿಸಿದ ಪ್ರತಿ ಪಾತ್ರೆಯ ತಳದಲ್ಲಿ ಇರುತ್ತದೆ, ನಲ್ಲಿಯ ಮೂತಿಯಲ್ಲಿರುತ್ತದೆ, ನನ್ನ ಮನೆಯ ಗೀಸರಿನಲ್ಲೂ ಇದೆ. ಸುಣ್ಣದ ಪದರು. ವರ್ಷವಿಡೀ ದಿನಾ ಬೋರಿನ ನೀರು ಹೊಡೆದು, ಬಿಸಿಲಿಗೆ ಆರಿ, ಹನಿಹನಿಯ ಸುಣ್ಣ ಸಂದಿಗಳನ್ನು ಮುಚ್ಚಿತ್ತು. ಶುಕ್ರವಾರ ನಾನು ನೋಡಿದ್ದು ಅದರ ಮೇಲೆ ಕಟ್ಟಿದ ಮಂಜನ್ನು. ಕೆಳಗೇನಿದೆ ಎಂದು ನೋಡಿರಲಿಲ್ಲ.

ಆದರೂ ಹಳದಿಯ ಅನುಮಾನ ಪೂರ್ತಿ ಬಿಟ್ಟಿರಲಿಲ್ಲ. ಅರಿಷಿಣಕ್ಕೆ ಸೋಪಿನ ನೀರು ತಾಗಿದರೆ ಕೆಂಪಾಗುತ್ತದೆ. ಬಟ್ಟೆ ಸೋಪು ಕಲಸಿ ಮುಂಭಾಗದ ಭಂಡಾರದ ಮೇಲೆ ಒಂದು ಹನಿ ಬಿಟ್ಟೆ. ರಕ್ತದಂತೆ ಕೆಂಪಾಯಿತು. ಹಿಂದಿನ ಬಿಳಿಯನ್ನು ಹತ್ತು ಕಡೆ ಕೆರೆದು ಅದರ ಮೇಲೂ ಬಿಟ್ಟೆ. ಹತ್ತೂ ಬಿಳಿಯಾಗೇ ಉಳಿದವು. ಆ ಮನುಷ್ಯ ಕೈಕಟ್ಟಿ ನೋಡುತ್ತಿದ್ದ.

"ಮುಂದ ಕೆಂಪಾತು" ಎಂದ.

"ಹೌದು."

"ಹಿಂದ?"

"ಆಗಲಿಲ್ಲ."

"ಹ್ಞಾಂ" ಎಂದು ಹೇಳಿ ಗಾಲಿಕುರ್ಚಿಗಳನ್ನು ನೆರಳಿಗೆ ತಳ್ಳಲು ಹೋದ. ಅವನು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮ್ಯಾನೇಜರ್ ಬಚ್ಚಲು ತೊಳೆಯುವ ಆ್ಯಸಿಡ್ಡಿನ ಬಾಟಲಿ ತಂದ. ಸುಣ್ಣದ ಜೊತೆ ರೆಕ್ಕೆಗಳನ್ನೂ ತಿಂದುಹಾಕುತ್ತದೆ, ದೂರ ಇಡು ಎಂದು ಅವನಿಗೂ ಬೈದೆ. ಇಳಕಲ್ಲಿನ ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು ತರಿಸಿ, ಕುಡಿಯುವ ಶುದ್ಧ ನೀರಿನ ಕ್ಯಾನಿನಲ್ಲಿ ತೆಳ್ಳಗೆ ಕರಗಿಸಿ, ಮೆತ್ತನೆಯ ಬ್ರಷ್ಷಿನಿಂದ ಮೇಲಿಂದ ಕೆಳಗೆ ಹಚ್ಚುತ್ತ ಬಂದೆವು. ಸುಣ್ಣ ಚುರ್ರೆಂದು ನೊರೆ ಬಿಟ್ಟು ಇಳಿಯುತ್ತಿತ್ತು. ಹಚ್ಚುವುದು, ಕಾಯುವುದು, ಶುದ್ಧ ನೀರಿನಿಂದ ತೊಳೆಯುವುದು, ಮತ್ತೆ ಹಚ್ಚುವುದು. ಒಂದು ಗೇಣು ಸ್ವಚ್ಛವಾಗಲು ಮುಕ್ಕಾಲು ಗಂಟೆ. ನನ್ನ ಕೈ ಒರಟು, ಎರಡು ಕಡೆ ರೆಕ್ಕೆ ಬಾಗಿಸಿದೆ. ಕೊಳದ ಮನುಷ್ಯ ಒಂದನ್ನೂ ಬಾಗಿಸಲಿಲ್ಲ. ಉಣ್ಣೆ ಕತ್ತರಿಸಿದ ಕೈ. ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಸಂಜೆ ಐದಕ್ಕೆ ಯಂತ್ರ ಚಾಲೂ ಮಾಡಿದಾಗ ಒತ್ತಡ ಸ್ವಲ್ಪ ಇಳಿದು ನಿಂತುಕೊಂಡಿತು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು. ನಿಲ್ಲಲಿಲ್ಲ.

ಹೀಟರಿನ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

"ಭಂಡಾರ ಅಲ್ಲಂದ್ರ ಏನಾತ್ ಸರ್?" ಎಂದ ಮ್ಯಾನೇಜರ್. "ತೊಳದು ಕೆಡಿಸಿದಾಂವ ಅಂವನ ಅಲ್ಲ? ಅದನ್ನ ಬರೀರಿ. ಹೆಸರು ಬಂದ್ರ ಸಾಕು."

ತರ್ಕದಲ್ಲಿ ತಪ್ಪಿರಲಿಲ್ಲ. ತೊಳೆದವನು ಅವನೇ. ತೊಳೆಯಲು ಹೇಳಿದವರು ಯಾರು ಎಂಬುದು ಮಾತ್ರ ಪ್ರಶ್ನೆ. ಯಂತ್ರ ಕೂಡಿಸಿದ ದಿನ ಅಲ್ಲಿದ್ದವರು ನಾನೂ ಅವನೂ ಇಬ್ಬರೇ. ಬ್ರಷ್ಷು ಎಂದು ಹೇಳಿದ್ದು ನನ್ನ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು, ಬ್ರಷ್ಷನ್ನು ಕೈಯಲ್ಲಿ ಹಿಡಿದು ತೋರಿಸಿದ್ದೂ ಸಹ. ಬಸ್ಸಿನಲ್ಲಿ ಬೇಸಿಗೆಯ ಭೇಟಿಯೂ ಹಾಗೇ ಕಣ್ಣಿಗೆ ಕಟ್ಟಿತ್ತಲ್ಲವೇ?

ಎರಡು ಥರ್ಮಾಮೀಟರುಗಳು ಬೇರೆ ಬೇರೆ ತೋರಿಸಿದರೆ ನಾವು ಜಗಳ ಕಾಯುವುದಿಲ್ಲ. ಎರಡನ್ನೂ ಉಷ್ಣತೆ ಗೊತ್ತಿರುವ ನೀರಿನಲ್ಲಿ ಅದ್ದಿ ಯಾವುದು ಸರಿ ಎಂದು ನೋಡುತ್ತೇವೆ. ಯಂತ್ರ ಕೂಡಿಸಿದ ದಿನ ನಾನು ಅಳತೆಗಳನ್ನು ಬರೆದಿಟ್ಟ ಹಾಳೆ ಬಾಗಲಕೋಟೆಯ ಮನೆಯ ಫೈಲಿನಲ್ಲಿತ್ತು. ಅದು ಗೊತ್ತಿರುವ ನೀರು. ಹೊರಡುವ ಮುಂಚೆ ಆ ದಿನದ ಬಗ್ಗೆ ಐದು ಪ್ರಶ್ನೆ ಬರೆದು, ಮೊದಲು ನನ್ನ ಉತ್ತರ ಬರೆದು ಮಡಚಿ ಕಿಸೆಗೆ ಹಾಕಿಕೊಂಡೆ. ಆಮೇಲೆ ಕೊಳದ ಮನುಷ್ಯನನ್ನು ಕರೆದೆ.

"ಮಿಷನ್ ಕೂಡಿಸಿದ ದಿನಾ ಫಿಲ್ಟರ್ ಮೀಟರ್ ಎಷ್ಟು ತೋರಿಸಿತ್ತು?"

"ಈಗ್ಯಾಕ್ರಿ ಅದು?"

"ಹೇಳ್ರಿ."

"ಹನ್ನೆರಡು. ಹದಿನೆಂಟು ದಾಟಿದ್ರ ಮರಳು ತೊಳಿ ಅಂದಿದ್ರಿ. ಹೋದ ವಾರ ದಾಟಿತ್ತು, ಮ್ಯಾನೇಜರ್ ಸಾಹೇಬ್ರಿಗೆ ಹೇಳಿದ್ನಿ. ಎಂಜಿನಿಯರ್ ಬರೂತನಕ ವಾಲ್ ಮುಟ್ಟಬ್ಯಾಡ ಅಂದ್ರು."

ಮ್ಯಾನೇಜರ್ ಫೋನ್ ನೋಡುತ್ತ ಆಚೆ ಹೋದ.

"ಕೊಳಕ್ಕ ವಾಪಸ್ ಹೋಗೂ ನೀರು ಎಷ್ಟು ಹೆಚ್ಚು ಬಿಸಿ ಇತ್ತು?"

"ಎರಡು ಡಿಗ್ರಿ. ಇಷ್ಟ? ಅಂತ ನಾ ಅಂದದ್ದಕ್ಕ ನಿಮಗ ಸಿಟ್ಟು ಬಂದಿತ್ತು."

ಹೀಗೆ ಐದಕ್ಕೂ ಹೇಳಿದ. ಕೊನೆಗೆ, "ಪರೀಕ್ಷಾ ಪಾಸಾದ್ನೇನ್ರಿ?" ಎಂದ. ಅವನ ಮುಖದಲ್ಲಿ ನಗು ಇರಲಿಲ್ಲ.

ಭಾನುವಾರ ಮುಂಜಾನೆ ಫೈಲು ತೆಗೆದೆ. ಫಿಲ್ಟರ್, ಹನ್ನೆರಡು. ನನ್ನ ಚೀಟಿಯಲ್ಲಿ ಹದಿನೈದು. ನೀರಿನ ವ್ಯತ್ಯಾಸ, ಎರಡು. ಅದು ನನ್ನದೂ ಸರಿ. ನೀರು ಹಂಚುವ ವಾಲ್ವಿನ ಹಿಡಿ ಅರ್ಧ ತೆರೆದಿತ್ತು ಎಂದು ನಾನು ಬರೆದಿದ್ದೆ, ಕಾಲು ಭಾಗ ಎಂದು ಅವನು ಹೇಳಿದ್ದ, ಹಾಳೆಯಲ್ಲಿ ಕಾಲು ಭಾಗ. ಮೊದಲ ದಿನ ನೀರು ಎಷ್ಟು ಏರಿತೆಂಬುದನ್ನು ಇಬ್ಬರೂ ತಪ್ಪು ಹೇಳಿದ್ದೆವು, ನಾನು ಹೆಚ್ಚು ತಪ್ಪು. ಐದನೆಯದು, ಅಂದು ಮೋಡವಿತ್ತೋ ಬಿಸಿಲಿತ್ತೋ ಎಂಬುದು ಹಾಳೆಯಲ್ಲೇ ಇರಲಿಲ್ಲ. ಬೇಸಿಗೆಯ ಭೇಟಿಯ ಹಾಳೆಯನ್ನೂ ಹುಡುಕಿದೆ. ಬಾದಾಮಿಯದು ಸಿಕ್ಕಿತು. ಹುನಗುಂದದ್ದು ಇರಲಿಲ್ಲ. ನಾನು ಹೋಗಿರಲಿಲ್ಲ. ಹೋಗಿದ್ದರೆ ಸುಣ್ಣ ಆಗಲೇ ಕಾಣುತ್ತಿತ್ತು.

ಹಾಳೆಯ ಕೊನೆಯ ಸಾಲಿನಲ್ಲಿ ನನ್ನದೇ ಅಕ್ಷರ: "ಕಾಯಿಲ್ ಶುಚಿಗೊಳಿಸುವುದರ ಬಗ್ಗೆ ತಿಳಿಸಲಾಗಿದೆ." ಏನು ತಿಳಿಸಲಾಗಿದೆ ಎಂಬುದಿಲ್ಲ. ಯಂತ್ರದ ಕೈಪಿಡಿ ತೆರೆದೆ. ಶುದ್ಧ ನೀರಿನಿಂದ ತೊಳೆಯಿರಿ ಎಂದಿತ್ತು. ಅದನ್ನು ಬರೆದವನಿಗೆ ನಮ್ಮ ಬೋರಿನ ನೀರು ಗೊತ್ತಿಲ್ಲ. ನನಗೆ ಗೊತ್ತು. ಕೈಪಿಡಿ ಓದಿ, ತೊಳೀರಿ ಎಂದು ಹೇಳಿ, ಯಾವ ನೀರು ಎಂದು ಕೇಳದೆ, ಕುರಿಯ ಮಾತಿಗೆ ನಕ್ಕು, ಬಸ್ಸು ಹಿಡಿದಿರಬೇಕು. ಬ್ರಷ್ಷು ಹಿಡಿದ ಆ ಚಿತ್ರ ಎಲ್ಲಿಂದ ಬಂತೋ. ಬಹುಶಃ ಶುಕ್ರವಾರವೇ, ಕೂಗುತ್ತಿದ್ದಾಗ, ನನಗೆ ಬೇಕಾದ ಕೂಡಲೇ ಹುಟ್ಟಿಕೊಂಡಿತು. ಈಗಲೂ ಅದು ಅಷ್ಟೇ ನಿಚ್ಚಳವಾಗಿ ಕಾಣುತ್ತದೆ. ಅದಕ್ಕೇ ಹೆಚ್ಚು ಸಿಟ್ಟು.

ವರದಿ ಬರೆಯಲು ಕೂತು ಮೂರು ಸಲ ಹರಿದೆ. ಮೊದಲನೆಯದರಲ್ಲಿ ನೀರಿನ ಗಡಸುತನವನ್ನು ದೂರಿದ್ದೆ. ಎರಡನೆಯದರಲ್ಲಿ ಕೈಪಿಡಿಯನ್ನು. ಮೂರನೆಯದರಲ್ಲಿ ಕೆಲವು ಗೊಂದಲಗಳಿಂದಾಗಿ ಎಂದು ಬರೆದಿದ್ದೆ. ನಾಲ್ಕನೆಯದು ಸಣ್ಣದು.

ಸೋಮವಾರ ಮೀಟಿಂಗಿಗೆ ಮುಂಚೆ ಮ್ಯಾನೇಜರ್ ಅದನ್ನು ಓದಿ ತಲೆ ಎತ್ತಿದ. "ಸರ್, ಇದನ್ನ ಕೊಟ್ರ ನಿಮ್ಮ ಸರ್ವಿಸ್ ಕಾಂಟ್ರ್ಯಾಕ್ಟ್ ಹೋಗ್ತದ."

"ಗೊತ್ತು."

"ನಂದೂ ಬರದೀರಿ ಇದರಾಗ. ವಾಲ್ ಮುಟ್ಟಬ್ಯಾಡ ಅಂದದ್ದು."

"ಅಂದಿದ್ರಿಲ್ಲ?"

ಮಂಡಳಿಯವರ ಕೋಣೆಯಿಂದ ಹೊರಬರಲು ಇಪ್ಪತ್ತು ನಿಮಿಷ ಸಾಕಾಯಿತು. ಕೊಳದ ಕೆಲಸ ಆ ಭಂಡಾರದ ಮನುಷ್ಯನಿಗೇ ಉಳಿಯಿತು, ಯಂತ್ರದ ಕೆಲಸ ನನಗೆ ಉಳಿಯಲಿಲ್ಲ. ಮುಂದಿನ ತಿಂಗಳಿನಿಂದ ಬೇರೆಯವರು ಬರುತ್ತಾರೆ. ಮ್ಯಾನೇಜರ್ ನನ್ನ ಕಡೆ ನೋಡಲಿಲ್ಲ.

ಕೊಳದ ಶೆಡ್ಡಿಗೆ ಹೋದೆ. ನೀರು ಮೂವತ್ತಕ್ಕೆ ಬಂದಿತ್ತು. ಇನ್ನೂ ಮೂರು ಡಿಗ್ರಿ ಬಾಕಿ, ಆದರೂ ತಡೆಯಲಾರದೆ ಇಬ್ಬರು ಇಳಿದಿದ್ದರು. ಇಳಕಲ್ಲಿನಾಕೆ ಆಚೆ ದಡದ ಕಂಬಿ ಹಿಡಿದು, ತುಟಿ ಕಚ್ಚಿ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಕೊಳ ನೋಡಿಕೊಳ್ಳುವವನು ದಂಡೆಯ ಮೇಲೆ ಕೂತು ಅವಳ ಹೆಜ್ಜೆ ಎಣಿಸುತ್ತಿದ್ದ.

"ನಿಮ್ಮ ಕೆಲಸ ಉಳೀತ್ರಿ ಕಾಕಾ" ಎಂದೆ. ಮೊದಲ ಸಲ ಕಾಕಾ ಎಂದು ಕರೆದದ್ದು. "ತೊಳೀರಿ ಅಂತ ಹೇಳಿದಾಂವ ನಾನ ಅಂತ ಬರದ ಕೊಟ್ಟೇನಿ."

"ನೆನಪಾತೇನ್ರಿ?"

"ಇಲ್ಲ. ಇನ್ನೂ ನೆನಪಾಗಿಲ್ಲ. ಆದರ ನಿಮ್ಮ ನೆನಪು ಸರಿ ಐತಿ."

ಅವನು ಅವಳ ಇನ್ನೊಂದು ಹೆಜ್ಜೆ ಎಣಿಸಿ ನನ್ನ ಕಡೆ ತಿರುಗಿದ.

"ಆ ಕಾಗದ ಐತೇನ್ರಿ ನಿಮ್ಮ ಹತ್ರ?"

ಕಿಸೆಯಲ್ಲಿ ಒಂದು ಪ್ರತಿ ಇತ್ತು. ಅವನಿಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

"ಶುಕ್ರವಾರ ಇವರೆಲ್ಲಾರ ಮುಂದ ಒದರಿದ್ರಿ. ನಿನ್ನ ಭಂಡಾರನ ಕೊಂದದ್ದು ಅಂತ. ಮೀಟಿಂಗ್‌ದಾಗ ಕೊಟ್ರ ಇವರಿಗೆ ಹೆಂಗ ಗೊತ್ತಾಗಬೇಕ್ರಿ?" ಎಂದ. "ಇಲ್ಲೇ ಓದ್ರಿ."

ಸಿಟ್ಟು ಬಂತು. ಕೆಲಸ ಕಳೆದುಕೊಂಡು ಬಂದಿದ್ದೇನೆ, ಇನ್ನೇನು ಬೇಕು ಇವನಿಗೆ ಅನಿಸಿತು. ಅವನು ಕಾಯುತ್ತಿದ್ದ. ಗಾಲಿಕುರ್ಚಿಗಳಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಕಾಗದ ಬಿಚ್ಚಿದೆ.

"ಹೀಟರ್ ನಿಂತದ್ದಕ್ಕೆ ಮುಖ್ಯ ಕಾರಣ ಅದರ ಹಿಂಬದಿಯ ರೆಕ್ಕೆಗಳಲ್ಲಿ ಕಟ್ಟಿದ ಸುಣ್ಣ. ಪೂಜೆಯ ಭಂಡಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಬೋರಿನ ನೀರಿನಿಂದ ದಿನವೂ ತೊಳೆದದ್ದರಿಂದ ಹೀಗಾಯಿತು. ಹಾಗೆ ತೊಳೆಯಲು ಹೇಳಿದವನು..."

ಆಚೆ ದಡದಿಂದ ಇಳಕಲ್ಲಿನಾಕೆ ಕಂಬಿ ಬಿಡದೆ ತಲೆಯೆತ್ತಿದಳು.

"ಮ್ಯಾಲಿಂದ ಓದ್ರಿ, ಜೋರಾಗಿ. ಅವತ್ತಿಂದು ಚಲೋ ಕೇಳಿತ್ತು, ಇವತ್ತಿಂದು ಕೇಳವಲ್ದು."

ನಾನು ಮತ್ತೆ ಮೊದಲಿನಿಂದ ಓದಿದೆ.